ಡ್ಯಾಶ್‌ಬೋರ್ಡ್ ಕೂರುತ್ತಿಲ್ಲ, ಐದು ಸ್ಕ್ರೂ ಉಳಿದಿವೆ: ಮತ್ತೆ ಎಲ್ಲ ಬಿಚ್ಚಬೇಕಾ?

ಪ್ರಶ್ನೆ

"ನನ್ನ ಕಾರಿಗೆ 12 ವರ್ಷ. ಕೆಲವು ತಿಂಗಳಿಂದ ಒಳಗೆ ಒಂಥರಾ ಸಿಹಿ ವಾಸನೆ, ಮುಂದಿನ ಗಾಜಿನ ಮೇಲೆ ಒರೆಸಿದರೂ ಹೋಗದ ಜಿಡ್ಡು ಮಂಜು, ಪಕ್ಕದ ಸೀಟಿನ ಕಾಲ ಬಳಿ ಕಾರ್ಪೆಟ್ ಒದ್ದೆ. ಹೀಟರ್ ಕೋರ್ ಸೋರುತ್ತಿದೆ ಅಂತ ಖಾತ್ರಿಯಾದ ಮೇಲೆ ನಾಲ್ಕು ದಿನ ರಜೆ ಹಾಕಿ, ಡ್ಯಾಶ್‌ಬೋರ್ಡ್ ಪೂರ್ತಿ ಬಿಚ್ಚಿ, ನಾನೇ ಹೊಸ ಕೋರ್ ಹಾಕಿದೆ. ಬಿಚ್ಚುವಾಗ ಎಲ್ಲ ಸಲೀಸಾಗಿತ್ತು. ಜೋಡಿಸಿ ಮುಗಿಸಿದಾಗ ಐದು ಸ್ಕ್ರೂ ಕೈಯಲ್ಲಿ ಉಳಿದಿವೆ, ಮೂರು ಚಿಕ್ಕವು, ಎರಡು ಉದ್ದದವು. ಪಕ್ಕದ ಸೀಟಿನ ಕಡೆ ಡ್ಯಾಶ್‌ಬೋರ್ಡಿನ ತುದಿ ಪಿಲ್ಲರ್ (ಮುಂದಿನ ಗಾಜಿನ ಪಕ್ಕದ ಕಂಬ) ಹತ್ತಿರ ಸುಮಾರು 6 ಮಿಲಿಮೀಟರ್ ಮೇಲೆದ್ದಿದೆ. ಆ ಕಡೆಯ ಕಿಂಡಿಯಿಂದ ಗಾಳಿ ಕಮ್ಮಿ, ಅದೂ ಉಗುರುಬೆಚ್ಚಗೆ. ಏರ್‌ಬ್ಯಾಗ್ ದೀಪ ಆರುತ್ತಿಲ್ಲ. ಸ್ಟಾರ್ಟ್ ಮಾಡಿದ ಕೂಡಲೇ ಒಳಗಿನಿಂದ ಟಕ್ ಟಕ್ ಅಂತ ಸದ್ದು ಬಂದು, ಸ್ವಲ್ಪ ಹೊತ್ತಿಗೆ ನಿಲ್ಲುತ್ತದೆ. ಸ್ನೇಹಿತನೊಬ್ಬ 'ಒತ್ತಿ ಹಿಡಿದು ಸ್ಕ್ರೂ ಬಿಗಿ ಮಾಡು, ತಾನಾಗೇ ಕೂರುತ್ತೆ, ಸ್ಕ್ರೂ ಉಳಿಯೋದು ಮಾಮೂಲಿ' ಅನ್ನುತ್ತಾನೆ. ಮತ್ತೆ ಎಲ್ಲ ಬಿಚ್ಚಬೇಕಾ? ಅಲ್ಲಿಯವರೆಗೆ ಕಾರು ಓಡಿಸಬಹುದಾ?"

ಉತ್ತರ

ನೀವು ಕೈ ಹಾಕಿರುವುದು ಕಾರಿನ ಒಳಗಿನ ಕೆಲಸಗಳಲ್ಲೇ ದೊಡ್ಡದಕ್ಕೆ. ಹೀಟರ್ ಕೋರ್ ಅಂದರೆ ಒಂದು ಪುಸ್ತಕದಷ್ಟು ದೊಡ್ಡ ಪುಟ್ಟ ರೇಡಿಯೇಟರ್. ಅದನ್ನು ಬದಲಾಯಿಸಲು ಹತ್ತು ನಿಮಿಷ ಸಾಕು. ಅದರ ಹತ್ತಿರ ಹೋಗಿ ವಾಪಸ್ ಬರುವುದಕ್ಕೇ ಎರಡು ಮೂರು ದಿನ. ಮೂಗಿಗಿಂತ ಮೂಗುತಿ ಭಾರ ಅನ್ನುವ ಕೆಲಸ. ಅದನ್ನು ಒಬ್ಬರೇ ಮುಗಿಸಿ, ಕಾರು ಸ್ಟಾರ್ಟ್ ಆಗುವ ಮಟ್ಟಕ್ಕೆ ತಂದಿದ್ದೀರಿ. ಅಲ್ಲಿಗೆ ಮುಕ್ಕಾಲು ಕೆಲಸ ಆಗಿದೆ.

ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಕೊಡುತ್ತೇನೆ. ಸದ್ಯಕ್ಕೆ ಓಡಿಸಬೇಡಿ. ಯಾವಾಗ ಓಡಿಸಬಹುದು ಅನ್ನುವುದನ್ನೂ ಹೇಳುತ್ತೇನೆ. ಇನ್ನು ಎಲ್ಲ ಬಿಚ್ಚಬೇಕಾ ಅಂದರೆ, ಬಹುಶಃ ಬೇಡ. ಒಂದು ಪಕ್ಕ ಮಾತ್ರ ಸಾಕಾಗಬಹುದು. ಯಾಕೆ ಅಂದರೆ, ನಿಮ್ಮ ಐದು ತೊಂದರೆಗಳನ್ನು ಒಟ್ಟಿಗೆ ಇಟ್ಟು ನೋಡಿ. ಡ್ಯಾಶ್‌ಬೋರ್ಡ್ ಎದ್ದಿರುವುದು ಪಕ್ಕದ ಸೀಟಿನ ಕಡೆ. ಗಾಳಿ ಕಮ್ಮಿ ಇರುವುದು ಅದೇ ಕಡೆ. ಪ್ರಯಾಣಿಕರ ಏರ್‌ಬ್ಯಾಗ್ ಮತ್ತು ಅದರ ಕನೆಕ್ಟರ್ ಇರುವುದೂ ಅದೇ ಕಡೆ. ಐದು ಬೇರೆ ಬೇರೆ ತಪ್ಪು ಆಗಿರುವುದಕ್ಕಿಂತ, ಆ ಮೂಲೆಯಲ್ಲಿ ಏನೋ ಒಂದು ಸಿಕ್ಕಿಕೊಂಡಿರುವ ಸಾಧ್ಯತೆ ಜಾಸ್ತಿ.

ಸ್ನೇಹಿತರ ಮಾತಿಗೆ ಬರೋಣ. ಒತ್ತಿ ಹಿಡಿದು ಬಿಗಿ ಮಾಡುವುದು ಈ ಕೆಲಸದಲ್ಲಿ ಅತಿ ಅಪಾಯದ ಸಲಹೆ. ಡ್ಯಾಶ್‌ಬೋರ್ಡ್ ಹಿಂದೆ ಒಂದು ಕಡೆಯ ಕಂಬದಿಂದ ಇನ್ನೊಂದು ಕಡೆಯ ಕಂಬದವರೆಗೆ ಲೋಹದ ಅಡ್ಡ ಬೀಮ್ ಇರುತ್ತದೆ. ಸ್ಟೀರಿಂಗ್ ಕಾಲಂ (ಸ್ಟೀರಿಂಗ್ ಚಕ್ರವನ್ನು ಹೊತ್ತಿರುವ ಕೊಳವೆ), ಏರ್‌ಬ್ಯಾಗ್, ಹೀಟರ್ ಪೆಟ್ಟಿಗೆ ಎಲ್ಲ ಅದನ್ನೇ ಹಿಡಿದುಕೊಂಡಿರುತ್ತವೆ. ಪ್ಲಾಸ್ಟಿಕ್ ಡ್ಯಾಶ್‌ಬೋರ್ಡ್ ಅದರ ಮೇಲೆ ಗೈಡ್ ಪಿನ್‌ಗಳ ಲೆಕ್ಕದಲ್ಲಿ ಕೂರುತ್ತದೆ. ಎಲ್ಲ ಸರಿ ಇದ್ದರೆ ಅದು ಬಲ ಕೇಳುವುದಿಲ್ಲ. ಎರಡು ಕೈಯಿಂದ ಮೆಲ್ಲಗೆ ತಳ್ಳಿದರೆ ಪಿನ್ ತೂತಿಗೆ ಇಳಿದು ಕೂರುತ್ತದೆ. 6 ಮಿಲಿಮೀಟರ್ ಎದ್ದು ನಿಂತಿದೆ ಅಂದರೆ ನಡುವೆ 6 ಮಿಲಿಮೀಟರ್ ದಪ್ಪದ್ದು ಏನೋ ಇದೆ, ಇಲ್ಲವೇ ಪಿನ್ ತೂತಿನ ಹೊರಗೆ ನಿಂತಿದೆ.

ಆ ದಪ್ಪದ್ದು ವೈರಿನ ಕಟ್ಟು ಆಗಿದ್ದರೆ? ನನ್ನ ಆರಂಭದ ವರ್ಷಗಳಲ್ಲಿ ನಾನೇ ಈ ತಪ್ಪು ಮಾಡಿದ್ದೇನೆ. ಬ್ರಾಕೆಟ್ ಅಡಿಗೆ ವೈರಿನ ಕಟ್ಟು ಸಿಕ್ಕಿದ್ದು ಗೊತ್ತಾಗಲಿಲ್ಲ. ಬೋಲ್ಟ್ ಬಿಗಿ ಮಾಡಿದೆ, ಕೂತಿತು, ಗಾಡಿ ಹೋಯಿತು. ಎರಡು ವಾರದ ಮೇಲೆ ವಾಪಸ್ ಬಂತು. ಇಂಡಿಕೇಟರ್ ಹಾಕಿದಾಗೆಲ್ಲ ಫ್ಯೂಸ್ ಹೋಗುತ್ತಿತ್ತು. ಬಿಚ್ಚಿ ನೋಡಿದರೆ ಬ್ರಾಕೆಟ್ಟಿನ ಅಂಚು ಮೂರು ವೈರುಗಳ ಮೇಲಿನ ಪ್ಲಾಸ್ಟಿಕ್ ಕೊಯ್ದಿತ್ತು. ಓಡಾಟದ ಅದುರುವಿಕೆಗೆ ದಿನ ದಿನ ಸ್ವಲ್ಪ ಸ್ವಲ್ಪವೇ ಕೊಯ್ದು ತಾಮ್ರಕ್ಕೆ ತಾಗಿತ್ತು. ಚಿಕ್ಕ ಫ್ಯೂಸ್ ಇದ್ದ ಲೈನ್ ಆದ್ದರಿಂದ ಫ್ಯೂಸ್ ಹೋಯಿತು. ದೊಡ್ಡ ಫ್ಯೂಸ್ ಇರುವ ದಪ್ಪ ಲೈನ್ ಆಗಿದ್ದರೆ ಹೊಗೆ ಬರುತ್ತಿತ್ತು. ಅಂದಿನಿಂದ ಡ್ಯಾಶ್‌ಬೋರ್ಡ್ ಕೂರದೆ ನಿಂತರೆ ನಾನು ಕೈ ಹಿಂದಕ್ಕೆ ತೆಗೆಯುತ್ತೇನೆ, ಟಾರ್ಚ್ ಹಿಡಿಯುತ್ತೇನೆ. ಓಡಿಸಬೇಡಿ ಅಂದಿದ್ದಕ್ಕೆ ಮೊದಲ ಕಾರಣ ಇದು.

ಎರಡನೆಯದು ಸ್ಟೀರಿಂಗ್. ಡ್ಯಾಶ್‌ಬೋರ್ಡ್ ತೆಗೆಯಲು ಸ್ಟೀರಿಂಗ್ ಕಾಲಂ ಕೆಳಗಿಳಿಸಿರುತ್ತೀರಿ. ಅದರ ಬೋಲ್ಟ್‌ಗಳು, ಮತ್ತೆ ಶಾಫ್ಟ್ ಬಿಡಿಸಿದ್ದರೆ ಕಾಲ ಬಳಿ ಇರುವ ಜಾಯಿಂಟಿನ ಬೋಲ್ಟ್, ಇವನ್ನು ನಿಮ್ಮ ಕಾರಿನ ಸರ್ವಿಸ್ ಮ್ಯಾನುಯಲ್ ಹೇಳಿದಷ್ಟೇ ಬಿಗಿ ಮಾಡಬೇಕು. ಅದಕ್ಕೆ ಟಾರ್ಕ್ ರೆಂಚ್ ಬೇಕೇ ಬೇಕು, ಕೈ ಅಂದಾಜು ಇಲ್ಲಿ ನಡೆಯುವುದಿಲ್ಲ. ಜಾಯಿಂಟಿನ ಬೋಲ್ಟ್ ಶಾಫ್ಟಿನಲ್ಲಿರುವ ಕಚ್ಚಿನ ಮೂಲಕವೇ ಹೋಗಿದೆಯಾ ಅಂತಲೂ ನೋಡಿ. ಶಾಫ್ಟ್ ಪೂರ್ತಿ ಒಳಗೆ ಕೂರದಿದ್ದರೆ ಬೋಲ್ಟ್ ಹೋದ ಹಾಗೆ ಕಂಡರೂ ಹಿಡಿತ ಇರುವುದಿಲ್ಲ. ಕೆಲವು ಕಾರುಗಳಲ್ಲಿ ಈ ಬೋಲ್ಟ್‌ಗಳನ್ನು ಒಮ್ಮೆ ಬಿಚ್ಚಿದರೆ ಹೊಸದನ್ನೇ ಹಾಕಬೇಕು ಅಂತ ಮ್ಯಾನುಯಲ್ ಹೇಳುತ್ತದೆ. ಹೇಳಿದ್ದರೆ ಹೊಸದೇ ಹಾಕಿ.

ಈಗ ಏರ್‌ಬ್ಯಾಗ್ ದೀಪ. ಇದರ ಬಗ್ಗೆ ಜನ ಸುಮ್ನೆ ಹೇಳುವ ಮಾತು ಬಹಳ. 'ನಾಲ್ಕು ದಿನ ಓಡಿಸಿದರೆ ಆರುತ್ತೆ', 'ಬ್ಯಾಟರಿ ಬಿಚ್ಚಿ ಹಾಕಿದರೆ ಹೋಗುತ್ತೆ' ಅನ್ನುತ್ತಾರೆ. ಕೀ ತಿರುಗಿಸಿದಾಗ ಆ ದೀಪ ಕೆಲವು ಸೆಕೆಂಡು ಉರಿದು ಆರಬೇಕು. ಅಷ್ಟರಲ್ಲಿ ಏರ್‌ಬ್ಯಾಗ್ ಕಂಪ್ಯೂಟರ್ ತನ್ನ ಎಲ್ಲ ಲೈನುಗಳನ್ನೂ ಪರೀಕ್ಷೆ ಮಾಡುತ್ತದೆ. ಎಲ್ಲೋ ಕನೆಕ್ಟರ್ ಬಿಟ್ಟಿದ್ದರೆ, ರೆಸಿಸ್ಟೆನ್ಸ್ ಹೆಚ್ಚು ಕಮ್ಮಿ ಬಂದರೆ, ದೋಷವನ್ನು ಕೋಡ್ ಆಗಿ ಬರೆದಿಟ್ಟುಕೊಂಡು ದೀಪ ಉರಿಸಿಯೇ ಇಡುತ್ತದೆ. ಹೆಚ್ಚಿನ ಕಾರುಗಳಲ್ಲಿ ಆ ಕೋಡ್ ಬ್ಯಾಟರಿ ಬಿಚ್ಚಿದರೂ ಅಳಿಸುವುದಿಲ್ಲ. ದೀಪ ಉರಿಯುತ್ತಿರುವಾಗ ಡಿಕ್ಕಿಯಾದರೆ ಒಂದು ಬ್ಯಾಗ್ ಬಿಚ್ಚದೆ ಇರಬಹುದು, ಯಾವುದೂ ಬಿಚ್ಚದೆ ಇರಬಹುದು. ಹಾಗಾಗಿ ಇದು ಬರೀ ದೀಪದ ಸಮಸ್ಯೆ ಅಲ್ಲವೇ ಅಲ್ಲ.

ಆದರೆ ಒಂದು ಸಮಾಧಾನದ ಸಂಗತಿ ಇದೆ. ಬ್ಯಾಟರಿ ಜೋಡಿಸಿದ್ದು ಕನೆಕ್ಟರ್ ಬಿಚ್ಚಿದ್ದಾಗ ಯಾರಾದರೂ ಒಂದೇ ಒಂದು ಸಲ ಕೀ ತಿರುಗಿಸಿದ್ದರೂ ಕೋಡ್ ಬಿದ್ದಿರುತ್ತದೆ. ಗಾಜು ಏರಿಸಲು, ಸ್ಟೀರಿಂಗ್ ಲಾಕ್ ತೆಗೆಯಲು ಅಂತ ಕೆಲಸದ ನಡುವೆ ಕೀ ತಿರುಗಿಸಿದ್ದು ನಿಮಗೆ ನೆನಪಿದೆಯಾ? ಹಾಗಿದ್ದರೆ ಈಗ ಎಲ್ಲ ಸರಿಯಾಗೇ ಇದ್ದು, ಹಳೆಯ ಕೋಡ್ ಅಳಿಸದೇ ಉಳಿದಿರಬಹುದು. ಇದನ್ನು ಊಹೆಯಿಂದ ತೀರ್ಮಾನ ಮಾಡಲು ಆಗುವುದಿಲ್ಲ. ಏರ್‌ಬ್ಯಾಗ್ ಕೋಡ್ ಓದುವ ಸ್ಕ್ಯಾನರ್ ಬೇಕು. ಕಡಿಮೆ ಬೆಲೆಯ ಚಿಕ್ಕ ಸ್ಕ್ಯಾನರ್‌ಗಳು ಸಾಮಾನ್ಯವಾಗಿ ಎಂಜಿನ್ ಕೋಡ್ ಮಾತ್ರ ಓದುತ್ತವೆ, ಕೊಳ್ಳುವ ಮುಂಚೆ ವಿಚಾರಿಸಿ. ಕೋಡ್ ಯಾವ ಲೈನಿನಲ್ಲಿ ದೋಷ ಅಂತ ಹೇಳುತ್ತದೆ: ಪ್ರಯಾಣಿಕರ ಏರ್‌ಬ್ಯಾಗಾ, ಸ್ಟೀರಿಂಗಿನ ಏರ್‌ಬ್ಯಾಗಾ, ಸೀಟ್ ಬೆಲ್ಟಾ.

ಪ್ರಯಾಣಿಕರ ಕಡೆ ಅಂತ ಬಂದರೆ ನಾನು ಮೇಲೆ ಹೇಳಿದ ಮೂಲೆಯ ಅನುಮಾನ ಗಟ್ಟಿಯಾಯಿತು. ಸ್ಟೀರಿಂಗ್ ಕಡೆ ಅಂತ ಬಂದರೆ ಕ್ಲಾಕ್ ಸ್ಪ್ರಿಂಗ್ ನೋಡಬೇಕು. ಅದು ಸ್ಟೀರಿಂಗ್ ಚಕ್ರದ ಹಿಂದೆ ಸುರುಳಿ ಸುತ್ತಿದ ತೆಳು ಪಟ್ಟಿ. ಚಕ್ರ ಎಡಕ್ಕೂ ಬಲಕ್ಕೂ ತಿರುಗುತ್ತಿದ್ದರೂ ಏರ್‌ಬ್ಯಾಗಿಗೆ, ಹಾರ್ನಿಗೆ ಕರೆಂಟ್ ಮುಟ್ಟಿಸುವುದು ಅದರ ಕೆಲಸ. ಶಾಫ್ಟ್ ಬಿಡಿಸಿದ್ದಾಗ ಚಕ್ರ ಸುಮ್ನೆ ಒಂದೆರಡು ಸುತ್ತು ತಿರುಗಿದ್ದರೆ ಆ ಪಟ್ಟಿಯ ನಡು ಸ್ಥಾನ ತಪ್ಪುತ್ತದೆ. ಆಮೇಲೆ ರಸ್ತೆಯಲ್ಲಿ ಪೂರ್ತಿ ತಿರುಗಿಸಿದಾಗ ಹರಿಯುತ್ತದೆ. ಹಾರ್ನ್ ಒತ್ತಿ ನೋಡಿ, ಸ್ಟೀರಿಂಗ್ ಮೇಲಿನ ಬಟನ್‌ಗಳನ್ನೂ ಒತ್ತಿ ನೋಡಿ. ಅವೂ ಸತ್ತಿದ್ದರೆ ಪಟ್ಟಿ ಹರಿದಿರುವ ಸಾಧ್ಯತೆ ಬಹಳ. ಅವು ಕೆಲಸ ಮಾಡಿದ ಮಾತ್ರಕ್ಕೆ ಪಟ್ಟಿ ಸರಿ ಇದೆ ಅಂತಲೂ ಅಲ್ಲ, ಏರ್‌ಬ್ಯಾಗಿನ ಎಳೆಗಳು ಅದರಲ್ಲಿ ಬೇರೆಯೇ ಇರುತ್ತವೆ.

ಕೈಯಿಟ್ಟು ನೋಡುವ ಮುಂಚೆ ಈ ಕ್ರಮ ತಪ್ಪಿಸಬೇಡಿ. ಕೀ ಆಫ್ ಮಾಡಿ ಹೊರಗೆ ತೆಗೆಯಿರಿ. ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ, ತಾನಾಗಿ ವಾಪಸ್ ತಾಗದ ಹಾಗೆ ಪಕ್ಕಕ್ಕೆ ಕಟ್ಟಿ. ಆಮೇಲೆ ಕಾಯಿರಿ. ಬ್ಯಾಟರಿ ತೆಗೆದರೂ ಏರ್‌ಬ್ಯಾಗ್ ಸಿಡಿಸುವಷ್ಟು ಚಾರ್ಜ್ ಕೆಪಾಸಿಟರ್‌ನಲ್ಲಿ ಸ್ವಲ್ಪ ಹೊತ್ತು ಉಳಿದಿರುತ್ತದೆ. ಎಷ್ಟು ನಿಮಿಷ ಅಂತ ಒಂದೊಂದು ಕಾರಿನ ಮ್ಯಾನುಯಲ್ ಒಂದೊಂದು ಹೇಳುತ್ತದೆ. ನಾನು ಯಾವ ಕಾರಾದರೂ 15 ನಿಮಿಷಕ್ಕಿಂತ ಕಮ್ಮಿ ಕಾಯುವುದಿಲ್ಲ, ಮ್ಯಾನುಯಲ್ ಅದಕ್ಕಿಂತ ಜಾಸ್ತಿ ಹೇಳಿದರೆ ಅಷ್ಟು. ಏರ್‌ಬ್ಯಾಗಿನ ಕನೆಕ್ಟರ್‌ಗಳು ಸಾಮಾನ್ಯವಾಗಿ ಹಳದಿ ಬಣ್ಣದವು, ಎರಡು ಹಂತದ ಲಾಕ್ ಇರುತ್ತದೆ. ಕನೆಕ್ಟರ್ ಒಳಗೆ ಹೋಗಿ 'ಟಕ್' ಅಂದರೂ ಸಾಲದು, ಮೇಲಿನ ಚಿಕ್ಕ ಪ್ಲಾಸ್ಟಿಕ್ ಬೀಗವನ್ನೂ ಒತ್ತಬೇಕು. ಅರ್ಧ ಕೂತ ಹಳದಿ ಕನೆಕ್ಟರ್‌ಗಳನ್ನು ನಾನು ಲೆಕ್ಕವಿಲ್ಲದಷ್ಟು ನೋಡಿದ್ದೇನೆ.

ಮಾಡಬಾರದ್ದೂ ಇದೆ. ಏರ್‌ಬ್ಯಾಗಿನ ಎರಡು ಪಿನ್‌ಗಳಿಗೆ ಮಲ್ಟಿಮೀಟರ್ ಹಿಡಿದು ರೆಸಿಸ್ಟೆನ್ಸ್ ನೋಡಬೇಡಿ. ಮೀಟರ್ ಅಳೆಯಲು ತಾನೇ ಸಣ್ಣ ಕರೆಂಟ್ ಕಳಿಸುತ್ತದೆ, ಸಿಡಿಯುವುದಕ್ಕೂ ಬೇಕಾಗಿರುವುದು ಕರೆಂಟೇ. ಬಿಚ್ಚಿದ ಏರ್‌ಬ್ಯಾಗನ್ನು ಹಿಡಿದು ನಡೆಯುವಾಗ ಮುಚ್ಚಳದ ಮುಖ ಮೈಯಿಂದ ಆಚೆಗಿರಲಿ. ನೆಲದ ಮೇಲೆ ಇಡುವಾಗ ಮುಖ ಮೇಲಕ್ಕಿರಲಿ. ದೀಪ ಆರಿಸಲು ರೆಸಿಸ್ಟರ್ ಸಿಕ್ಕಿಸುವ ಉಪಾಯವನ್ನೂ ಯಾರಾದರೂ ಹೇಳಬಹುದು. ಅದರಿಂದ ಕಂಪ್ಯೂಟರ್ ಮೋಸ ಹೋಗುತ್ತದೆ, ಡಿಕ್ಕಿ ಮೋಸ ಹೋಗುವುದಿಲ್ಲ. ಈ ಭಾಗದಲ್ಲಿ ಒಂದಿಷ್ಟು ಅಳುಕಿದ್ದರೂ ಏರ್‌ಬ್ಯಾಗ್ ಕೆಲಸವನ್ನಷ್ಟೇ ಗ್ಯಾರೇಜಿಗೆ ಬಿಡಿ. ಉಳಿದದ್ದು ನಿಮ್ಮ ಕೈಯಲ್ಲೇ ಇರಲಿ.

ಬ್ಯಾಟರಿ ಬಿಚ್ಚುವ ಮುಂಚೆ ಮಾಡಿ ಮುಗಿಸಬೇಕಾದ ಪರೀಕ್ಷೆ ಒಂದಿದೆ, ಕಡಿಮೆ ಗಾಳಿಯದ್ದು. ಕಾರು ನಿಂತಲ್ಲೇ ಫ್ಯಾನ್ ಜೋರಾಗಿ ಹಾಕಿ, ಗ್ಲೋವ್ ಬಾಕ್ಸ್ ಮಾತ್ರ ತೆಗೆದು, ಒಳಗೆ ಕೈ ಚಾಚಿ. ಗಾಳಿ ಕಿಂಡಿಯಲ್ಲಿ ಬರಬೇಕು, ಒಳಗೆ ಬೀಸಬಾರದು. ಒಳಗೆ ಬೀಸಿದರೆ ಡಕ್ಟಿನ (ಗಾಳಿ ಸಾಗುವ ಕೊಳವೆಯ) ಜೋಡಣೆ ಬಿಟ್ಟಿದೆ. ಹೀಟರ್ ಪೆಟ್ಟಿಗೆಯಿಂದ ಬರುವ ಡಕ್ಟ್, ಡ್ಯಾಶ್‌ಬೋರ್ಡಿನ ಡಕ್ಟಿಗೆ ಒಂದು ಫೋಮ್ ಪಟ್ಟಿಯ ಮೂಲಕ ಕೂಡಿಕೊಂಡಿರುತ್ತದೆ. 12 ವರ್ಷದಲ್ಲಿ ಆ ಫೋಮ್ ಪುಡಿಯಾಗಿರುತ್ತದೆ. ಜೋಡಿಸುವಾಗ ಡಕ್ಟಿನ ತುಟಿ ಒಳಗೆ ಹೋಗುವ ಬದಲು ಅಂಚಿಗೆ ಅಂಚು ಕೂತರೆ ಏನಾಗುತ್ತದೆ? ಡ್ಯಾಶ್‌ಬೋರ್ಡ್ ಸರಿಸುಮಾರು ನೀವು ಹೇಳಿದಷ್ಟೇ ಎದ್ದು ನಿಲ್ಲುತ್ತದೆ, ಆ ಕಡೆಯ ಗಾಳಿ ಒಳಗೇ ಸೋರಿ ಹೋಗುತ್ತದೆ. ನನ್ನ ಮೊದಲ ಅನುಮಾನ ಇದರ ಮೇಲೆ, ಎರಡನೆಯದು ವೈರಿನ ಕಟ್ಟಿನ ಮೇಲೆ. ಗಾಜಿಗೆ ಗಾಳಿ ಹಾಕುವ ಡಕ್ಟ್ ಕೂಡ ಅಲ್ಲೇ ಹಾಯುವುದರಿಂದ ಇದನ್ನು ಹಾಗೇ ಬಿಡುವಂತಿಲ್ಲ. ಗಾಜಿನ ಅರ್ಧಭಾಗದ ಮಂಜು ಕರಗದಿದ್ದರೆ ರಸ್ತೆ ಕಾಣುವುದಿಲ್ಲ.

ಗಾಳಿ ಜೋರಾಗಿದ್ದು ಬಿಸಿ ಮಾತ್ರ ಕಮ್ಮಿ ಇದ್ದರೆ ಕಥೆ ಬೇರೆ. ಎಂಜಿನ್ ಚೆನ್ನಾಗಿ ಕಾದ ಮೇಲೆ ಬೋನೆಟ್ ತೆಗೆದು, ಎಂಜಿನ್ನಿಗೂ ಕಾರಿನ ಒಳಭಾಗಕ್ಕೂ ನಡುವಿನ ತಗಡಿನ ಗೋಡೆ ದಾಟಿ ಹೀಟರಿಗೆ ಹೋಗುವ ಎರಡು ಹೋಸ್‌ಗಳನ್ನು ದಪ್ಪ ಬಟ್ಟೆ ಹಿಡಿದು ಒಂದು ಕ್ಷಣ ಮುಟ್ಟಿ ನೋಡಿ. ಒಳಗಿನ ಕೂಲೆಂಟ್ (ಎಂಜಿನ್ ತಣ್ಣಗಿಡುವ ದ್ರವ) 90 ಡಿಗ್ರಿ ಆಸುಪಾಸು ಇರುತ್ತದೆ, ಫ್ಯಾನ್ ಮತ್ತು ಬೆಲ್ಟಿನಿಂದ ಕೈ ದೂರ ಇರಲಿ. ಎರಡೂ ಹೋಸ್ ಬಿಸಿ ಇದ್ದರೆ ಕೋರಿನಲ್ಲಿ ಹರಿವು ಸರಿ ಇದೆ. ಒಂದು ಸುಡುತ್ತಾ ಇನ್ನೊಂದು ಬೆಚ್ಚಗೆ ಮಾತ್ರ ಇದ್ದರೆ ಕೋರಿನಲ್ಲಿ ಗಾಳಿ ಸಿಕ್ಕಿಕೊಂಡಿರಬಹುದು. ಡ್ಯಾಶ್‌ಬೋರ್ಡ್ ಒಳಗಿನಿಂದ ನೀರು ಗುಳುಗುಳು ಅನ್ನುವ ಸದ್ದೂ ಬರಬಹುದು. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ, ಮುಂಭಾಗ ಸ್ವಲ್ಪ ಎತ್ತರವಾಗುವ ಹಾಗೆ ಕಾರು ನಿಲ್ಲಿಸಿ, ರೇಡಿಯೇಟರ್ ಮುಚ್ಚಳ ತೆಗೆದು, ಹೀಟರ್ ಪೂರ್ತಿ ಬಿಸಿಗೆ ಇಟ್ಟು ಎಂಜಿನ್ ಓಡಿಸಿ. ಗುಳ್ಳೆ ಬಂದು ಮಟ್ಟ ಇಳಿದಂತೆಲ್ಲ ಕೂಲೆಂಟ್ ತುಂಬಿಸಿ. ಗಾಳಿ ಬಿಡುವ ಸ್ಕ್ರೂ ಇರುವ ಕಾರಾದರೆ ಅದನ್ನೂ ಬಳಸಿ. ನಿಮ್ಮ ಕಾರಿಗೆ ಹೇಳಿದ ಬಗೆಯ ಕೂಲೆಂಟೇ ಇರಲಿ, ಬಣ್ಣ ನೋಡಿ ಬೆರೆಸಬೇಡಿ. ಬಣ್ಣಕ್ಕೂ ಒಳಗಿನ ರಾಸಾಯನಿಕಕ್ಕೂ ಖಾತ್ರಿ ಸಂಬಂಧ ಇಲ್ಲ. ಬಿಸಿ ಇರುವಾಗ ಮಾತ್ರ ಯಾವ ಕಾರಣಕ್ಕೂ ಮುಚ್ಚಳ ತೆಗೆಯಬೇಡಿ. ಚೆಲ್ಲಿದ ಕೂಲೆಂಟನ್ನು ಕೂಡಲೇ ಒರೆಸಿ. ರುಚಿ ಸಿಹಿ, ಆದರೆ ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಮಕ್ಕಳಿಗೂ ನಾಯಿ ಬೆಕ್ಕುಗಳಿಗೂ ವಿಷ.

ಟಕ್ ಟಕ್ ಸದ್ದು ಬಂದು ನಿಲ್ಲುತ್ತಿದ್ದರೆ ಹೆದರಬೇಡಿ. ಬಿಸಿ ಗಾಳಿ, ತಣ್ಣನೆ ಗಾಳಿ ಬೆರೆಸುವ ಬಾಗಿಲನ್ನು ಒಂದು ಪುಟ್ಟ ಮೋಟಾರ್ ತಿರುಗಿಸುತ್ತದೆ. ಬ್ಯಾಟರಿ ಬಿಚ್ಚಿ ಹಾಕಿದ ಮೇಲೆ ಅದು ತನ್ನ ಎರಡು ಕೊನೆಗಳನ್ನು ಹುಡುಕಿಕೊಳ್ಳುತ್ತದೆ. ಒಂದೆರಡು ಸಲ ಆಗಿ ನಿಂತರೆ ಸರಿ. ಪ್ರತಿ ಸಲವೂ ಬರುತ್ತಿದ್ದರೆ ಮೋಟಾರಿನ ಮೂತಿ ಬಾಗಿಲಿನ ಗುಳಿಗೆ ಸರಿಯಾಗಿ ಕೂತಿಲ್ಲ, ಇಲ್ಲವೇ ಒಳಗಿನ ಪ್ಲಾಸ್ಟಿಕ್ ಹಲ್ಲು ಮುರಿದಿದೆ. ಅದನ್ನು ಸಾಮಾನ್ಯವಾಗಿ ಡ್ಯಾಶ್‌ಬೋರ್ಡ್ ತೆಗೆಯದೆಯೂ ಬಿಚ್ಚಬಹುದು, ಆದರೆ ಎಲ್ಲ ಕಾರಿನಲ್ಲೂ ಅಲ್ಲ. ಹಾಗಾಗಿ ಈಗ ಒಂದು ಪಕ್ಕ ತೆರೆದಿರುವಾಗಲೇ ನೋಡಿಬಿಡುವುದು ಒಳ್ಳೆಯದು.

ಇನ್ನು ಸ್ಕ್ರೂಗಳು. ಕಂಪನಿಯವರೇ ನಾಲ್ಕು ಜಾಸ್ತಿ ಹಾಕಿರುತ್ತಾರೆ ಅನ್ನುವ ಮಾತಿದೆ. ಹಾಗೆ ಯಾರೂ ಹಾಕುವುದಿಲ್ಲ. ಒಂದೊಂದು ಸ್ಕ್ರೂವಿಗೂ ಅಲ್ಲಿ ಖರ್ಚಿನ ಲೆಕ್ಕ ಇರುತ್ತದೆ. ಆದರೆ ಎಲ್ಲ ಸ್ಕ್ರೂವೂ ಒಂದೇ ತೂಕದ್ದಲ್ಲ ಅನ್ನುವುದೂ ನಿಜ. ಗ್ಲೋವ್ ಬಾಕ್ಸಿನ ಚಿಕ್ಕ ಸ್ಕ್ರೂ ಇಲ್ಲದಿದ್ದರೆ ಕಿರಕಿರ ಸದ್ದು ಬರುತ್ತದೆ ಅಷ್ಟೇ. ಬೀಮಿನ ಬೋಲ್ಟ್ ಇಲ್ಲದಿದ್ದರೆ ಏರ್‌ಬ್ಯಾಗ್ ಸಿಡಿಯುವ ಹೊತ್ತಿಗೆ ಹಿಡಿತ ಇರುವುದಿಲ್ಲ. ಹಾಗಾಗಿ ಎಷ್ಟು ಉಳಿದಿವೆ ಅನ್ನುವುದಕ್ಕಿಂತ ಯಾವ ಜಾತಿಯವು ಅಂತ ನೋಡಿ. ಮೊನಚು ತುದಿ, ಅಗಲ ಅಗಲ ಮರೆ (ಥ್ರೆಡ್, ಸುತ್ತು ಗೆರೆ) ಇದ್ದರೆ ಅದು ಪ್ಲಾಸ್ಟಿಕ್ಕಿಗೆ ಕಚ್ಚುವ ಸ್ಕ್ರೂ. ಮೊಂಡು ತುದಿ, ಒತ್ತೊತ್ತಾದ ಸಣ್ಣ ಮರೆ ಇದ್ದರೆ ಅದು ಲೋಹದ ನಟ್ಟಿಗೆ ಹೋಗುವ ಬೋಲ್ಟ್. ತಲೆಗೆ 10 ನಂಬರ್ ಸ್ಪ್ಯಾನರ್ ಹಿಡಿಯುತ್ತದೆ ಅಂದರೆ ಬಹುಮಟ್ಟಿಗೆ 6 ಮಿಲಿಮೀಟರ್ ಬೋಲ್ಟ್. ನಿಮ್ಮ ಎರಡು ಉದ್ದದವು ಈ ಜಾತಿಯವಾದರೆ, ಎದ್ದು ನಿಂತ ತುದಿಯಲ್ಲೇ ಅವುಗಳ ಜಾಗ ಖಾಲಿ ಇರಬಹುದು. ತೂತಿಗೆ ತೂತು ಸೇರದ ಕಡೆ ಬೋಲ್ಟ್ ಹೋಗಲಿಲ್ಲ, ಆಮೇಲೆ ಹಾಕೋಣ ಅಂತ ಪಕ್ಕಕ್ಕಿಟ್ಟಿರಿ, ಮರೆತುಹೋಯಿತು. ಹೀಗಾಗುವುದನ್ನು ನಾನು ಬಹಳ ಸಲ ಕಂಡಿದ್ದೇನೆ.

ಜಾಗ ಹುಡುಕಲು ಒಂದು ಸುಲಭದ ದಾರಿ ಇದೆ. ವರ್ಷಗಟ್ಟಲೆ ಸ್ಕ್ರೂ ತಲೆ ಕೂತಿದ್ದ ಜಾಗದಲ್ಲಿ ದುಂಡಗಿನ ಗುರುತು ಬಿದ್ದಿರುತ್ತದೆ. ಸುತ್ತ ಧೂಳು, ನಡುವೆ ಹೊಳಪು ಉಂಗುರ. ಟಾರ್ಚನ್ನು ಓರೆಯಾಗಿ ಹಿಡಿದರೆ ಎದ್ದು ಕಾಣುತ್ತದೆ. ಗುರುತಿದ್ದೂ ಸ್ಕ್ರೂ ಇಲ್ಲದ ತೂತು ಸಿಕ್ಕಿದರೆ ಅದೇ ಜಾಗ. ಗುರುತೇ ಇಲ್ಲದ ತೂತುಗಳು ಬೇರೆ ಮಾಡೆಲ್‌ಗೆ ಬಿಟ್ಟಿದ್ದು, ಅಲ್ಲಿ ಹಾಕಬೇಡಿ. ಉದ್ದದ ಸ್ಕ್ರೂವನ್ನು ಚಿಕ್ಕದರ ಜಾಗಕ್ಕೆ ಹಾಕಿರುವ ಸಾಧ್ಯತೆಯನ್ನೂ ನೋಡಿ. ಅದರ ತುದಿ ಹಿಂದಿನ ವೈರಿಗೋ ಡಕ್ಟಿಗೋ ಚುಚ್ಚಿರುತ್ತದೆ. ಯಾವುದಾದರೂ ಸ್ಕ್ರೂ ಕೊನೆಯ ಒಂದೆರಡು ಸುತ್ತು ವಿಪರೀತ ಬಿಗಿಯಾಗಿ ಹೋಗಿದ್ದು ನಿಮಗೆ ನೆನಪಿದ್ದರೆ ಮೊದಲು ಅದನ್ನೇ ಬಿಚ್ಚಿ.

ಪ್ಲಾಸ್ಟಿಕ್ಕಿಗೆ ಸ್ಕ್ರೂ ವಾಪಸ್ ಹಾಕುವಾಗ ಡ್ರಿಲ್ ಬಳಸಬೇಡಿ. ಕೈ ಸ್ಕ್ರೂಡ್ರೈವರ್ ಇಟ್ಟು ಮೊದಲು ಉಲ್ಟಾ ತಿರುಗಿಸಿ. ಒಂದು ಕಡೆ 'ಟಿಕ್' ಅಂತ ಚೂರು ಕೆಳಗಿಳಿದ ಹಾಗೆ ಕೈಗೆ ತಿಳಿಯುತ್ತದೆ. ಅಲ್ಲಿಂದ ಮುಂದಕ್ಕೆ ತಿರುಗಿಸಿದರೆ ಹಳೆಯ ಮರೆಯಲ್ಲೇ ಹೋಗುತ್ತದೆ. ಹೀಗೆ ಮಾಡದೆ ಪ್ರತಿ ಸಲ ಹೊಸ ಮರೆ ಕೊರೆದರೆ ಎರಡು ಮೂರು ಸಲಕ್ಕೆ ತೂತು ಸಡಿಲ.

ಈಗ ದಾರಿಗಳು. ನಾನಾಗಿದ್ದರೆ ಗ್ಲೋವ್ ಬಾಕ್ಸ್, ಪಕ್ಕದ ತುದಿಯ ಮುಚ್ಚಳ, ಪಿಲ್ಲರಿನ ಪ್ಲಾಸ್ಟಿಕ್ ಇಷ್ಟು ತೆಗೆದು, ಮೊಬೈಲ್ ಕ್ಯಾಮೆರಾ ಒಳಗೆ ತೂರಿಸಿ ವಿಡಿಯೊ ತೆಗೆಯುತ್ತೇನೆ. ಅರ್ಧ ಗಂಟೆಯ ಕೆಲಸ, ಮೇಲೆ ಹೇಳಿದ ಹಾಗೆ ಬ್ಯಾಟರಿ ಬಿಚ್ಚಿ ಕಾದಿದ್ದರೆ ಅಪಾಯ ಕಮ್ಮಿ. ಒಂದು ಎಚ್ಚರ: ಪಿಲ್ಲರಿನ ಒಳಗೆ ಕರ್ಟನ್ ಏರ್‌ಬ್ಯಾಗ್ (ಪಕ್ಕದ ಕಿಟಕಿಗೆ ಅಡ್ಡ ಬರುವ ಬ್ಯಾಗ್) ಇರುವ ಕಾರಾದರೆ, ಪಿಲ್ಲರಿನ ಪ್ಲಾಸ್ಟಿಕ್ಕಿನ ಕ್ಲಿಪ್ ಮುರಿದಿದ್ದರೆ ಹೊಸದೇ ಹಾಕಿ, ಅಂಟು ಹಚ್ಚಬೇಡಿ. ಸಿಕ್ಕಿಕೊಂಡದ್ದು ಕಣ್ಣಿಗೆ ಬಿದ್ದರೆ ಮುಂದಿನ ಹೆಜ್ಜೆ, ಆ ಕಡೆಯ ಮತ್ತು ನಡುವಿನ ಬೋಲ್ಟ್‌ಗಳನ್ನು ಸಡಿಲ ಮಾಡಿ, ಇನ್ನೊಬ್ಬರ ಕೈಯಲ್ಲಿ ತುದಿ ಎತ್ತಿಸಿ, ಅದನ್ನು ಬಿಡಿಸುವುದು. ಇಲ್ಲಿರುವ ಅಪಾಯ ಅಂದರೆ ಒಂದೇ ಕಡೆ ಜಾಸ್ತಿ ಎತ್ತಿದರೆ ಇನ್ನೊಂದು ಕಡೆಯ ಪ್ಲಾಸ್ಟಿಕ್ ಕಿವಿಗಳು ಮುರಿಯುತ್ತವೆ. ಎರಡು ಬೆರಳಿನಷ್ಟು ಎತ್ತರ ಸಾಕು. ಕಾರಿನ ಒಳಗೆ ಬೆಚ್ಚಗಿದ್ದಾಗ ಈ ಕೆಲಸ ಮಾಡಿ, ಚಳಿಯಲ್ಲಿ ಹಳೆಯ ಪ್ಲಾಸ್ಟಿಕ್ ಗಾಜಿನ ಹಾಗೆ ಒಡೆಯುತ್ತದೆ. 'ಬಿಸಿಲಲ್ಲಿ ನಿಲ್ಲಿಸಿದರೆ ಡ್ಯಾಶ್‌ಬೋರ್ಡ್ ತಾನೇ ಕೂರುತ್ತೆ' ಅನ್ನುವ ಮಾತಿನಲ್ಲಿ ನಿಜ ಇರುವುದು ಇಷ್ಟು ಮಾತ್ರ. ಕೆಳಗೆ ಏನೋ ಸಿಕ್ಕಿಕೊಂಡೇ ಬಿಸಿಲಿಗೆ ಬಿಟ್ಟರೆ ಅದು ಎದ್ದ ಆಕಾರದಲ್ಲೇ ಕಾಯಂ ಸೊಟ್ಟಗಾಗುತ್ತದೆ.

ಈ ಎರಡರಲ್ಲೂ ಆಗದಿದ್ದರೆ ಮಾತ್ರ ಪೂರ್ತಿ ತೆಗೆಯಿರಿ. ಕೇಳಲು ಬೇಜಾರು, ನನಗೆ ಗೊತ್ತು. ಆದರೆ ಎರಡನೇ ಸಲ ಅರ್ಧ ಸಮಯವೂ ಹಿಡಿಯುವುದಿಲ್ಲ, ಕೈಗೆ ದಾರಿ ಗೊತ್ತಾಗಿರುತ್ತದೆ. ತೆಗೆದರೆ ಒಂದು ಲಾಭವೂ ಇದೆ. ಹೊಸ ಕೋರನ್ನು ಪ್ರೆಷರ್ ಟೆಸ್ಟರ್ ಹಾಕಿ ಪರೀಕ್ಷೆ ಮಾಡಬಹುದು. ರೇಡಿಯೇಟರ್ ಮುಚ್ಚಳದ ಮೇಲೆ ಬರೆದಿರುವಷ್ಟು ಒತ್ತಡ ಕೊಟ್ಟು 20 ನಿಮಿಷ ಬಿಡಿ, ಮುಳ್ಳು ಇಳಿಯಬಾರದು. ಜೋಡಿಸುವಾಗ ಎಲ್ಲ ಬೋಲ್ಟನ್ನೂ ಮೊದಲು ಬೆರಳಿನಿಂದ ಎರಡು ಮೂರು ಸುತ್ತು ಹಿಡಿಸಿ. ಎಲ್ಲ ಹಿಡಿದ ಮೇಲೆ ನಡುವಿನಿಂದ ಎರಡೂ ತುದಿಗೆ ಬಿಗಿ ಮಾಡುತ್ತಾ ಹೋಗಿ. ಒಂದು ತುದಿ ಬಿಗಿ ಮಾಡಿ ಇನ್ನೊಂದಕ್ಕೆ ಹೋದರೆ ಕೊನೆಯ ಬೋಲ್ಟಿನ ತೂತು ಯಾವತ್ತೂ ಸೇರುವುದಿಲ್ಲ. ಬೀಮಿಗೆ ಕೂಡುವ ಅರ್ತಿಂಗ್ ವೈರುಗಳನ್ನು ಎಣಿಸಿ, ತಗಡು ಉಜ್ಜಿ ಹೊಳಪು ಬಂದ ಮೇಲೆ ಬಿಗಿ ಮಾಡಿ. ಒಂದು ಅರ್ತಿಂಗ್ ಮರೆತರೆ ಇಂಡಿಕೇಟರ್ ಹಾಕಿದಾಗ ಮೀಟರ್ ಮಂಕಾಗುವಂಥ ವಿಚಿತ್ರಗಳು ಶುರುವಾಗುತ್ತವೆ.

ಮುರಿದ ಕ್ಲಿಪ್, ಕಿವಿ ಇದ್ದರೆ ಪ್ಲಾಸ್ಟಿಕ್ಕಿನ ಹಿಂದೆ ಅದರ ಜಾತಿ ಅಚ್ಚಾಗಿರುತ್ತದೆ, ನೋಡಿ. ಎಬಿಎಸ್ ಅಂತಿದ್ದರೆ ಅಂಟು ಹಿಡಿಯುತ್ತದೆ. ಪಿಪಿ ಅಂತಿದ್ದರೆ ಮಾಮೂಲಿ ಅಂಟು ಯಾವುದೂ ನಿಲ್ಲುವುದಿಲ್ಲ, ಬಿಸಿ ಮಾಡಿ ಬೆಸೆಯಬೇಕು ಇಲ್ಲವೇ ಭಾಗ ಬದಲಾಯಿಸಬೇಕು. ಏರ್‌ಬ್ಯಾಗಿನ ಮುಚ್ಚಳದ ಸುತ್ತ ಮಾತ್ರ ಅಂಟು, ಬೆಸುಗೆ ಯಾವುದೂ ಬೇಡ. ಅದು ಹರಿಯಲೆಂದೇ ಒಳಗೆ ತೆಳು ಗೆರೆ ಕೊರೆದಿರುತ್ತಾರೆ.

ನೀವು ಕೇಳದಿದ್ದರೂ ಒಂದು ವಿಷಯ ಹೇಳಬೇಕು, ಯಾಕೆಂದರೆ ಮುಂದಿನ ವಾರ ಅದು ನಿಮ್ಮನ್ನು ಗಾಬರಿ ಮಾಡುತ್ತದೆ. ಹೊಸ ಕೋರ್ ಹಾಕಿದ ಮೇಲೂ ಸಿಹಿ ವಾಸನೆ, ಗಾಜಿನ ಮಂಜು ಹೋಗದೇ ಇರಬಹುದು. ಹೊಸದೂ ಸೋರುತ್ತಿದೆ ಅಂದುಕೊಂಡು ಮತ್ತೆ ಬಿಚ್ಚಿದವರನ್ನು ನೋಡಿದ್ದೇನೆ. ಕಾರ್ಪೆಟ್ ಮೇಲೆ ಒಣಗಿದ ಹಾಗೆ ಕಂಡರೂ ಅದರ ಅಡಿಯ ಫೋಮ್ ಹಳೆಯ ಕೂಲೆಂಟನ್ನು ವಾರಗಟ್ಟಲೆ ಹಿಡಿದಿಟ್ಟುಕೊಳ್ಳುತ್ತದೆ. ಬಿಸಿ ಗಾಳಿ ಹಾಕಿದಾಗೆಲ್ಲ ಅದರ ಆವಿ ಗಾಜಿಗೆ ಕೂರುತ್ತದೆ. ಕಾರ್ಪೆಟ್ ಎತ್ತಿ, ಫೋಮನ್ನು ಬಿಸಿ ನೀರಿನಲ್ಲಿ ತೊಳೆದು ಹಿಂಡಿ, ಪೂರ್ತಿ ಒಣಗಿಸಿ. ಆಮೇಲೂ ಒದ್ದೆ ಕಂಡರೆ ಬೆರಳಿನಿಂದ ಮುಟ್ಟಿ ನೋಡಿ. ಅಂಟಂಟಾಗಿ ವಾಸನೆ ಇದ್ದರೆ ಕೂಲೆಂಟ್, ಕೋರಿನ ಹೋಸ್ ಕ್ಲಿಪ್ ಮತ್ತು ಓ-ರಿಂಗ್ (ಸೋರದಂತೆ ತಡೆಯುವ ರಬ್ಬರ್ ಬಳೆ) ನೋಡಬೇಕು. ಬರೀ ನೀರಾದರೆ ಬಹುಶಃ ಎ.ಸಿ. ನೀರು ಹೊರಗೆ ಹೋಗುವ ಪೈಪ್ ತಗಡಿನ ತೂತಿಗೆ ಸೇರಿಲ್ಲ. ಹೀಟರ್ ಪೆಟ್ಟಿಗೆ ವಾಪಸ್ ಇಡುವಾಗ ಆ ರಬ್ಬರ್ ಪೈಪ್ ಮಡಚಿಕೊಳ್ಳುವುದು ಬಹಳ ಸಾಮಾನ್ಯ. ಎ.ಸಿ. ಪೈಪ್‌ಗಳನ್ನೇ ನೀವು ಬಿಚ್ಚಿದ್ದರೆ ಗ್ಯಾಸ್ ತುಂಬುವ ಕೆಲಸ ಮಾತ್ರ ಮಷೀನ್ ಇರುವ ಕಡೆಯೇ ಆಗಬೇಕು. ಹೊಸ ಓ-ರಿಂಗ್ ಹಾಕಿ, ವ್ಯಾಕ್ಯೂಮ್ ಎಳೆದ ಮೇಲೆಯೇ ಗ್ಯಾಸ್.

ಕೊನೆಗೆ, ಓಡಿಸುವುದು ಯಾವಾಗ ಅಂದರೆ: ವೈರ್ ಎಲ್ಲೂ ಸಿಕ್ಕಿಲ್ಲ ಅಂತ ಕಣ್ಣಾರೆ ನೋಡಿರಬೇಕು, ಸ್ಟೀರಿಂಗ್ ಬೋಲ್ಟ್‌ಗಳಿಗೆ ಟಾರ್ಕ್ ರೆಂಚ್ ಹಾಕಿ ಮುಗಿಸಿರಬೇಕು, ಬೀಮಿನ ಬೋಲ್ಟ್ ಯಾವುದೂ ಕೈಯಲ್ಲಿ ಉಳಿದಿರಬಾರದು. ಇಷ್ಟಾದರೆ ಏರ್‌ಬ್ಯಾಗ್ ಕೋಡ್ ಓದಿಸಲು ನೀವೊಬ್ಬರೇ, ಬೆಲ್ಟ್ ಹಾಕಿಕೊಂಡು, ಹತ್ತಿರದ ಗ್ಯಾರೇಜಿನವರೆಗೆ ನಿಧಾನವಾಗಿ ಹೋಗಬಹುದು. ದೀಪ ಆರುವವರೆಗೆ ಮನೆಯವರನ್ನು ಕೂರಿಸಿಕೊಂಡು ಹೋಗಬೇಡಿ.

ಎಲ್ಲ ಸರಿಯಾದ ಮೇಲೂ ಪಿಲ್ಲರ್ ಹತ್ತಿರ ಒಂದೆರಡು ಮಿಲಿಮೀಟರ್ ಸಂದಿ ಉಳಿಯಬಹುದು. 12 ವರ್ಷದ ಪ್ಲಾಸ್ಟಿಕ್ ಕುಗ್ಗಿರುತ್ತದೆ, ಅಂಚು ಸ್ವಲ್ಪ ಸುರುಳಿಯಾಗಿರುತ್ತದೆ. ಡ್ರೈವರ್ ಕಡೆಯ ಸಂದಿಯನ್ನು ಅಳೆದು ಹೋಲಿಸಿ. ಎರಡೂ ಕಡೆ ಸುಮಾರಾಗಿ ಒಂದೇ ಇದ್ದು, ಬೋಲ್ಟ್‌ಗಳು ಬಲವಿಲ್ಲದೆ ಕೂತಿದ್ದರೆ ಅದನ್ನು ಹಾಗೇ ಬಿಡಿ. ಆ ಅಂಚಿನ ಅಡಿಗೆ ಒಂದು ಫೆಲ್ಟ್ ಟೇಪ್ ಅಂಟಿಸಿದರೆ ಸದ್ದೂ ಬರುವುದಿಲ್ಲ.